ಯಾವುದು ಮೊದಲು ಎಂಬ ತಕರಾರು

2012ರಲ್ಲಿ ಮೈಕ್ರೋಸಾಫ್ಟ್‌ನ ಬಿಂಗ್ ಸರ್ಚ್ ಎಂಜಿನ್ ವಿಭಾಗದ ಉದ್ಯೋಗಿಯೊಬ್ಬರು ಸಣ್ಣದೊಂದು ಸಲಹೆ ಮುಂದಿಟ್ಟರು. ಹುಡುಕಿದ ಫಲಿತಾಂಶದ ಜೊತೆ ಕಾಣಿಸುವ ಜಾಹೀರಾತಿನ ತಲೆಬರಹವನ್ನು ಬೇರೆ ರೀತಿಯಲ್ಲಿ ತೋರಿಸೋಣ ಎಂಬುದಷ್ಟೇ ಅದರ ತಿರುಳು. ಒಬ್ಬ ಎಂಜಿನಿಯರ್ ಕೆಲವು ದಿನ ಕೂತರೆ ಮುಗಿಯುವ ಕೆಲಸ. ಆದರೆ ಅಂಥ ನೂರಾರು ಸಲಹೆಗಳು ಸಾಲುಗಟ್ಟಿ ನಿಂತಿದ್ದವು. ಯಾವುದು ಮೊದಲು ಆಗಬೇಕೆಂದು ತೀರ್ಮಾನಿಸುವ ಮ್ಯಾನೇಜರುಗಳು ಇದನ್ನು ಪಟ್ಟಿಯ ಕೆಳಗೆ ತಳ್ಳಿದರು. ಆರು ತಿಂಗಳಿಗೂ ಹೆಚ್ಚು ಕಾಲ ಅದು ಅಲ್ಲೇ ಬಿದ್ದಿತ್ತು. ಕೊನೆಗೆ ಎಂಜಿನಿಯರ್ ಒಬ್ಬರು, ಇದಕ್ಕೆ ತಗಲುವ ಶ್ರಮ ತೀರಾ ಕಡಿಮೆ ಎಂಬುದನ್ನು ಗಮನಿಸಿ ಕೋಡ್ ಬರೆದರು. ಬಳಕೆದಾರರಲ್ಲಿ ಒಂದಷ್ಟು ಜನರಿಗೆ ಹಳೆಯ ರೂಪ, ಇನ್ನೊಂದಷ್ಟು ಜನರಿಗೆ ಹೊಸ ರೂಪ ತೋರಿಸಿ ಹೋಲಿಸಿ ನೋಡಿದರು. ಕೆಲವೇ ಗಂಟೆಗಳಲ್ಲಿ ಆದಾಯ ಎಷ್ಟು ಏರಿತೆಂದರೆ, ಎಲ್ಲೋ ಲೆಕ್ಕ ತಪ್ಪಿದೆ ಎಂದು ಎಚ್ಚರಿಸುವ ವ್ಯವಸ್ಥೆಯೇ ಸದ್ದು ಮಾಡಿತು. ಲೆಕ್ಕ ತಪ್ಪಿರಲಿಲ್ಲ. ಆದಾಯ ಶೇ 12ರಷ್ಟು ಹೆಚ್ಚಿತ್ತು. ಅಮೆರಿಕವೊಂದರಲ್ಲೇ ಅದರ ಬೆಲೆ ವರ್ಷಕ್ಕೆ 10 ಕೋಟಿ ಡಾಲರಿಗೂ ಮೇಲೆ. ಬಿಂಗ್‌ಗೆ ಅಷ್ಟು ಹಣ ತಂದುಕೊಟ್ಟ ಸಲಹೆ ಬೇರೊಂದಿರಲಿಲ್ಲ. ಮೈಕ್ರೋಸಾಫ್ಟ್‌ನಲ್ಲಿ ಇಂಥ ಪ್ರಯೋಗಗಳ ಹೊಣೆ ಹೊತ್ತಿದ್ದ ರಾನ್ ಕೋಹಾವಿ, ಹಾರ್ವರ್ಡ್‌ನ ಪ್ರಾಧ್ಯಾಪಕ ಸ್ಟೆಫಾನ್ ಥಾಮ್ಕೆ ಜೊತೆಗೂಡಿ 2017ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಸಂಗತಿಯನ್ನು ದಾಖಲಿಸಿದ್ದಾರೆ.

ಸಾಫ್ಟ್‌ವೇರ್ ಇರಲಿ, ಮೊಬೈಲ್ ಆ್ಯಪ್ ಇರಲಿ, ಕೈಗಡಿಯಾರವೇ ಇರಲಿ, ಒಂದು ಉತ್ಪನ್ನಕ್ಕೆ ಮುಂದಿನ ಆರು ತಿಂಗಳಲ್ಲೋ ವರ್ಷದಲ್ಲೋ ಏನೇನು ಸೇರಬೇಕು, ಯಾವ ಕ್ರಮದಲ್ಲಿ ಸೇರಬೇಕು ಎಂಬ ಯೋಜನೆಗೆ ಕಂಪನಿಗಳಲ್ಲಿ ರೋಡ್‌ಮ್ಯಾಪ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಸಾವಿರಾರು ಪ್ರಾಡಕ್ಟ್ ಮ್ಯಾನೇಜರುಗಳ, ಎಂಜಿನಿಯರುಗಳ, ವಿನ್ಯಾಸಕಾರರ ದಿನಚರಿ ನಡೆಯುವುದು ಈ ಯೋಜನೆಯ ಸುತ್ತಲೇ. ಬಾವಿಯ ನೀರು ಎರಡು ಎಕರೆಗಷ್ಟೇ ಸಾಲುವಾಗ ಐದು ಎಕರೆಗೂ ಭತ್ತ ನಾಟಿ ಮಾಡಲು ಆಗುವುದಿಲ್ಲ. ಯಾವ ಎರಡು ಎಕರೆ ಎಂದು ಆರಿಸಿಕೊಳ್ಳಲೇಬೇಕು. ಕಂಪನಿಯಲ್ಲೂ ಜನ, ಸಮಯ, ಹಣ ಮಿತಿಯಲ್ಲೇ ಇರುತ್ತವೆ. ಗ್ರಾಹಕರ ದೂರುಗಳನ್ನು ದಿನವೂ ಕೇಳುವ ಟೀಮ್, ಇರುವುದನ್ನು ಮೊದಲು ಸರಿಪಡಿಸೋಣ ಎನ್ನುತ್ತದೆ. ಮುಂದಿನ ವರ್ಷದ ಮಾರಾಟದ ಗುರಿ ಹೊತ್ತ ಹಿರಿಯ ಅಧಿಕಾರಿ ಹೊಸದನ್ನು ಮೊದಲು ತರೋಣ ಎನ್ನುತ್ತಾರೆ. ಇಬ್ಬರೂ ಕಂಪನಿಯ ಒಳಿತನ್ನೇ ಬಯಸುವವರು. ಆದರೂ ಮಾತು ಬೆಳೆದು ಮನಸ್ತಾಪವಾಗುತ್ತದೆ, ಇಲ್ಲವೇ ಕೆಳಗಿನವರು ಹೂಂಗುಟ್ಟಿ ಹೊರಬಂದು ಕ್ಯಾಂಟೀನಿನಲ್ಲಿ ಅಸಮಾಧಾನ ತೋಡಿಕೊಳ್ಳುತ್ತಾರೆ. ಎರಡರಿಂದಲೂ ಉತ್ಪನ್ನಕ್ಕೆ ಪ್ರಯೋಜನವಿಲ್ಲ.

ಈ ತಕರಾರು ಬಗೆಹರಿಯದಿರಲು ಮುಖ್ಯ ಕಾರಣ, ಅದನ್ನು ಅಭಿಪ್ರಾಯಗಳ ಹಣಾಹಣಿಯೆಂದು ಇಬ್ಬರೂ ಭಾವಿಸುವುದು. ಬಿಡಿಸಿ ನೋಡಿದರೆ ಅದರೊಳಗಿರುವುದು ನಾಳೆಯ ಕುರಿತ ಎರಡು ಮುನ್ನಂದಾಜುಗಳು. ‘ಈ ಕೆಲಸ ಮೊದಲು ಆಗಲಿ’ ಎಂಬ ಮಾತಿನ ಒಳಗೆ ‘ಇದನ್ನು ಮಾಡಿದರೆ ಇಷ್ಟು ದಿನದಲ್ಲಿ ಇಂಥ ಬದಲಾವಣೆ ಕಾಣುತ್ತದೆ’ ಎಂಬ ಹೇಳಿಕೆ ಅಡಗಿರುತ್ತದೆ. ಅಭಿಪ್ರಾಯಗಳು ಎದುರಾದಾಗ ದೊಡ್ಡ ಹುದ್ದೆ ಗೆಲ್ಲುತ್ತದೆ, ಅದು ಸಹಜ. ಮುನ್ನಂದಾಜುಗಳು ಎದುರಾದಾಗ ಮಾತ್ರ ಯಾವುದು ನಿಜವಾಯಿತೆಂದು ನೋಡಲು ದಾರಿಯಿದೆ. ಆದ್ದರಿಂದ ಮೇಲಿನವರೊಡನೆ ಭಿನ್ನಾಭಿಪ್ರಾಯ ಬಂದಾಗ ಮೊದಲು ಮಾಡಬೇಕಾದ್ದು, ಎರಡೂ ಕಡೆಯ ಮುನ್ನಂದಾಜನ್ನು ಬಾಯಿಬಿಟ್ಟು ಹೇಳಿಸಿ, ಪರೀಕ್ಷಿಸಬಹುದಾದ ರೂಪಕ್ಕೆ ತರುವುದು. ಆಗ ‘ಯಾರು ಹೇಳಿದರು’ ಎಂಬ ಪ್ರಶ್ನೆ ಹಿಂದೆ ಸರಿದು ‘ಏನಾಗುತ್ತದೆ’ ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಹೀಗೆ ಪರೀಕ್ಷೆಗೆ ಒಡ್ಡಲೇಬೇಕೇ, ಅನುಭವಿಗಳ ಅಂದಾಜು ಸಾಲದೇ ಎಂದರೆ, ಸಾಲದು ಎಂಬುದಕ್ಕೆ ಪುರಾವೆ ಸಾಕಷ್ಟಿದೆ. ಮೈಕ್ರೋಸಾಫ್ಟ್‌ನಲ್ಲಿ ಪರೀಕ್ಷಿಸಿ ನೋಡಿದ ಹೊಳಹುಗಳಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಮಾತ್ರ ನಿರೀಕ್ಷಿಸಿದ ಒಳಿತು ಮಾಡಿದವು, ಮೂರನೇ ಒಂದು ಭಾಗ ಯಾವ ಬದಲಾವಣೆಯನ್ನೂ ತರಲಿಲ್ಲ, ಉಳಿದವು ಕೆಡುಕನ್ನೇ ಮಾಡಿದವು ಎಂದು ಕೋಹಾವಿ ಮತ್ತವರ ಸಹೋದ್ಯೋಗಿಗಳು ಬರೆದಿದ್ದಾರೆ. ಈಗಾಗಲೇ ಚೆನ್ನಾಗಿ ತಿದ್ದಿ ತೀಡಿದ ಬಿಂಗ್, ಗೂಗಲ್‌ನಂಥ ಉತ್ಪನ್ನಗಳಲ್ಲಿ ಗೆಲ್ಲುವ ಪ್ರಯೋಗಗಳ ಪಾಲು ಶೇ 10ರಿಂದ 20ಕ್ಕೆ ಇಳಿಯುತ್ತದೆ. ಅಲ್ಲಿರುವವರು ತಮ್ಮ ಕೆಲಸ ಬಲ್ಲವರು. ಸೋತ ಪ್ರತಿಯೊಂದು ಹೊಳಹಿನ ಹಿಂದೆಯೂ ಅದು ಗೆಲ್ಲುತ್ತದೆಂದು ನಂಬಿದ ಬುದ್ಧಿವಂತರು ಇದ್ದರು. ಈ ಅಂಕಿಗಳು ಮೇಲಿನವರಿಗೆ ಎಷ್ಟು ಅನ್ವಯಿಸುತ್ತವೆಯೋ ಕೆಳಗಿನವರಿಗೂ ಅಷ್ಟೇ ಅನ್ವಯಿಸುತ್ತವೆ. ಬಾಸ್‌ಗೆ ಏನೂ ಗೊತ್ತಿಲ್ಲ ಎಂದು ಗೊಣಗುವ ಮೊದಲು, ತನ್ನ ಅಂದಾಜೂ ಮೂರರಲ್ಲಿ ಎರಡು ಸಲ ಹುಸಿಯಾಗಬಹುದೆಂಬ ಎಚ್ಚರ ಇರಬೇಕು. ಆ ಎಚ್ಚರವೇ ಮಾತಿನ ಧಾಟಿಯನ್ನು ಮೆತ್ತಗಾಗಿಸುತ್ತದೆ.

ಪರೀಕ್ಷೆಗೆ ಮೊದಲು ಇನ್ನೊಂದು ಕೆಲಸವಿದೆ: ಮೇಲಿನವರು ಯಾವ ಭಯದಿಂದ ಅಥವಾ ಯಾವ ಒತ್ತಡದಿಂದ ಬೇಡ ಎನ್ನುತ್ತಿದ್ದಾರೆಂದು ತಿಳಿದುಕೊಳ್ಳುವುದು. 2007ರ ಜೂನ್‌ನಲ್ಲಿ ಐಫೋನ್ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಹೊರಗಿನವರು ಬರೆದ ಆ್ಯಪ್‌ಗಳಿಗೆ ಜಾಗವಿರಲಿಲ್ಲ. ಆ್ಯಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್‌ಗೆ ಅದು ಬೇಕಿರಲಿಲ್ಲ. ಯಾರ್ಯಾರೋ ಬರೆದ ಆ್ಯಪ್‌ಗಳು ಫೋನನ್ನು ಕೆಡಿಸಿಯಾವು, ವೈರಸ್ ತಂದಾವು ಎಂಬುದು ಅವರ ಆತಂಕ. ಮಾರ್ಕೆಟಿಂಗ್ ವಿಭಾಗದ ಮುಖ್ಯಸ್ಥ ಫಿಲ್ ಶಿಲ್ಲರ್, ನಿರ್ದೇಶಕ ಮಂಡಳಿಯ ಆರ್ಟ್ ಲೆವಿನ್‌ಸನ್ ಮತ್ತೆ ಮತ್ತೆ ಒತ್ತಾಯಿಸಿದರೆಂದು ಜಾಬ್ಸ್ ಜೀವನಚರಿತ್ರೆ ಬರೆದ ವಾಲ್ಟರ್ ಐಸಾಕ್‌ಸನ್ ತಿಳಿಸುತ್ತಾರೆ. ಒತ್ತಾಯದಷ್ಟೇ ಮುಖ್ಯವಾದದ್ದು ಕೊನೆಗೆ ಸಿಕ್ಕ ಪರಿಹಾರ: ಯಾರು ಬೇಕಾದರೂ ಆ್ಯಪ್ ಬರೆಯಲಿ, ಆದರೆ ಆ್ಯಪಲ್ ಪರಿಶೀಲಿಸಿ ಒಪ್ಪಿದ್ದು ಮಾತ್ರ ಒಂದೇ ಅಂಗಡಿಯ ಮೂಲಕ ಗ್ರಾಹಕನಿಗೆ ತಲುಪಲಿ. ಜಾಬ್ಸ್ ಅವರ ಆತಂಕವನ್ನು ತಳ್ಳಿಹಾಕದೆ ಅದಕ್ಕೆ ಉತ್ತರ ಕೊಟ್ಟ ಏರ್ಪಾಡು ಅದು. 2008ರ ಜುಲೈ 10ರಂದು ಆ್ಯಪ್ ಸ್ಟೋರ್ 500 ಆ್ಯಪ್‌ಗಳೊಂದಿಗೆ ಬಾಗಿಲು ತೆರೆಯಿತು. ಬೇಡ ಎನ್ನುವವರ ಕಾರಣವನ್ನು ಅವರಿಗಿಂತ ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರ ಅವರ ಮನಸ್ಸು ಬದಲಿಸುವ ದಾರಿ ತೋಚುತ್ತದೆ.

ಎರಡನೆಯ ಸಿದ್ಧತೆ, ಯಾವ ಅಳತೆಗೋಲಿನಿಂದ ಅಳೆಯಬೇಕೆಂದು ಮೊದಲೇ ಒಪ್ಪಿಕೊಳ್ಳುವುದು. ಇದಕ್ಕೆ ಇಂಟೆಲ್ ಕಂಪನಿಯ ಉದಾಹರಣೆ ಸೊಗಸಾಗಿದೆ. 1968ರಲ್ಲಿ ಹುಟ್ಟಿದ ಇಂಟೆಲ್ ಹೆಸರು ಮಾಡಿದ್ದು ಕಂಪ್ಯೂಟರಿನ ಮೆಮೊರಿ ಚಿಪ್‌ಗಳಿಂದ. 1980ರ ದಶಕದಲ್ಲಿ ಜಪಾನಿನ ಕಂಪನಿಗಳು ಅದೇ ಚಿಪ್‌ಗಳನ್ನು ಕಡಿಮೆ ಬೆಲೆಗೆ, ಹೆಚ್ಚು ಗುಣಮಟ್ಟದಲ್ಲಿ ಕೊಡತೊಡಗಿದವು. ಮೆಮೊರಿ ಕೈಬಿಡುವುದೆಂದರೆ ಕಂಪನಿಯ ಗುರುತನ್ನೇ ಕಳೆದುಕೊಂಡಂತೆ ಎಂದು ಹಿರಿಯರು ಚರ್ಚಿಸುತ್ತಲೇ ಇದ್ದರು. ಕಂಪನಿಯ ಚುಕ್ಕಾಣಿ ಹಿಡಿದಿದ್ದ ಆ್ಯಂಡಿ ಗ್ರೋವ್ ಮತ್ತು ಗಾರ್ಡನ್ ಮೂರ್ ಮೆಮೊರಿಯಿಂದ ಹೊರಬರುವ ಮನಸ್ಸು ಮಾಡಿದ್ದು 1985ರಲ್ಲಿ. ಅಷ್ಟರಲ್ಲಿ ಕಾರ್ಖಾನೆಗಳ ಬಹುಪಾಲು ಸಾಮರ್ಥ್ಯ ಮೈಕ್ರೋಪ್ರೊಸೆಸರ್‌ಗಳ ಕಡೆಗೆ ಹೊರಳಿಯಾಗಿತ್ತು. ಯಾವ ಚಿಪ್‌ನಿಂದ ಹೆಚ್ಚು ಲಾಭ ಬರುತ್ತದೋ ಅದಕ್ಕೆ ಹೆಚ್ಚು ಜಾಗ ಎಂಬ ನಿಯಮ ಉತ್ಪಾದನಾ ವಿಭಾಗದಲ್ಲಿ ಮೊದಲೇ ಜಾರಿಯಲ್ಲಿದ್ದುದು ಇದಕ್ಕೆ ಕಾರಣ ಎಂದು ಸ್ಟ್ಯಾನ್‌ಫರ್ಡ್‌ನ ರಾಬರ್ಟ್ ಬರ್ಗಲ್‌ಮನ್ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಮಧ್ಯಮ ಹಂತದ ಮ್ಯಾನೇಜರುಗಳು ಯಾರನ್ನೂ ಧಿಕ್ಕರಿಸಲಿಲ್ಲ. ಎಲ್ಲರೂ ಒಪ್ಪಿದ್ದ ಅಳತೆಗೋಲನ್ನು ಪ್ರಾಮಾಣಿಕವಾಗಿ ಬಳಸಿದರು. ಹಿರಿಯರ ಚರ್ಚೆಗೆ ಬಿಡಿಸಲಾಗದ ಗಂಟನ್ನು ಆ ಅಳತೆಗೋಲು ಸದ್ದಿಲ್ಲದೆ ಬಿಡಿಸಿತು.

ಇವೆರಡೂ ಆದಮೇಲೆ ಭಿನ್ನಾಭಿಪ್ರಾಯವನ್ನು ಒಂದು ಪುಟದ ಬರಹವಾಗಿಸುವುದು ಒಳ್ಳೆಯದು. ಸಭೆಯಲ್ಲಿ ದನಿ ಏರುತ್ತದೆ, ಮರೆವು ಬರುತ್ತದೆ. ಕಾಗದಕ್ಕೆ ಅವೆರಡೂ ಇಲ್ಲ. ಮೇಲಿನವರು ಈ ಕೆಲಸ ಮೊದಲಾಗಲಿ ಎನ್ನಲು ಕಾರಣವೇನು, ಅದರಲ್ಲಿ ತಾನು ಒಪ್ಪುವುದೆಷ್ಟು, ತನ್ನ ಸಲಹೆಯಿಂದ ಯಾವ ಅಂಕಿ ಎಷ್ಟು ದಿನದಲ್ಲಿ ಎಷ್ಟು ಬದಲಾದೀತು, ಅದಕ್ಕಾಗಿ ಪಟ್ಟಿಯಿಂದ ಯಾವುದನ್ನು ತೆಗೆಯಬೇಕಾಗುತ್ತದೆ, ಎಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಇದನ್ನು ಪರೀಕ್ಷಿಸುವುದು ಹೇಗೆ, ಯಾವ ಫಲಿತಾಂಶ ಬಂದರೆ ತನ್ನ ಸಲಹೆಯನ್ನು ಹಿಂತೆಗೆದುಕೊಳ್ಳುವುದು ಎಂಬಿಷ್ಟು ಅದರಲ್ಲಿದ್ದರೆ ಸಾಕು. ಕೊನೆಯ ಅಂಶ ಎಲ್ಲಕ್ಕಿಂತ ಮುಖ್ಯ. ತಾನು ಸೋಲುವ ಷರತ್ತನ್ನು ತಾನೇ ಬರೆದುಕೊಟ್ಟವನ ಮಾತಿಗೆ ತೂಕ ಬರುತ್ತದೆ. ಏನನ್ನು ತೆಗೆಯಬೇಕು ಎಂಬುದನ್ನು ಹೇಳದೆ ಇದನ್ನೂ ಸೇರಿಸಿ ಎನ್ನುವುದು ಆದ್ಯತೆಯ ಚರ್ಚೆ ಆಗುವುದೇ ಇಲ್ಲ. ಅದು ಕೇವಲ ಬೇಡಿಕೆ.

ಎಲ್ಲವನ್ನೂ ಹೀಗೆ ಪರೀಕ್ಷಿಸಲಾಗದು ಎಂಬ ಆಕ್ಷೇಪ ಇಲ್ಲಿ ಬರುತ್ತದೆ, ಅದರಲ್ಲಿ ಹುರುಳಿದೆ. ತಲೆಬರಹದ ರೂಪವನ್ನು ಒಂದು ದಿನದಲ್ಲಿ ಪರೀಕ್ಷಿಸಬಹುದು. ಹೊಸ ಕಾರ್ಖಾನೆ ಕಟ್ಟುವುದನ್ನು ಹಾಗೆ ಪರೀಕ್ಷಿಸಲು ಬರುವುದಿಲ್ಲ. ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ 2015ನೇ ಸಾಲಿನ ಷೇರುದಾರರ ಪತ್ರದಲ್ಲಿ ಮಾಡಿದ ವಿಂಗಡಣೆ ಇಲ್ಲಿ ನೆರವಾಗುತ್ತದೆ: ಕೆಲವು ತೀರ್ಮಾನಗಳಿಂದ ಹಿಂದಿರುಗಲು ಆಗುವುದಿಲ್ಲ, ಅವುಗಳಿಗೆ ನಿಧಾನ ಬೇಕು, ಹೆಚ್ಚಿನವುಗಳಿಂದ ಹಿಂದಿರುಗಬಹುದು, ಅವುಗಳಲ್ಲಿ ತಡ ಮಾಡುವುದೇ ನಷ್ಟ. ಬೆಂಗಳೂರಿನ ಮಿಂತ್ರಾ ಕಂಪನಿ 2015ರ ಮೇ ತಿಂಗಳಲ್ಲಿ ತನ್ನ ವೆಬ್‌ಸೈಟ್ ಮುಚ್ಚಿ, ಇನ್ನು ಮುಂದೆ ಆ್ಯಪ್‌ನಲ್ಲಿ ಮಾತ್ರ ವ್ಯಾಪಾರ ಎಂದು ಸಾರಿತು. ಗ್ರಾಹಕರೆಲ್ಲ ಮೊಬೈಲ್ ಕಡೆ ಸರಿಯುತ್ತಿದ್ದಾರೆ ಎಂಬ ಆಧಾರ ಆ ನಿರ್ಧಾರಕ್ಕಿತ್ತು. 2016ರ ಜೂನ್‌ನಲ್ಲಿ ಕಂಪ್ಯೂಟರಿನಲ್ಲಿ ತೆರೆಯುವ ವೆಬ್‌ಸೈಟ್ ಮರಳಿ ಬಂತು. ದೊಡ್ಡ ನಿರ್ಧಾರವಾದರೂ ಅದು ಹಿಂದಿರುಗಬಹುದಾದ ದಾರಿಯಾಗಿತ್ತು. ಹಿಂದಿರುಗುವ ಧೈರ್ಯ ಕಂಪನಿಗಿತ್ತು. ಪರೀಕ್ಷೆಗೆ ಸಿಗದ ದೊಡ್ಡ ವಿಷಯಗಳಲ್ಲಿ ಟೀಮ್ ಕೇಳಬೇಕಾದ್ದು ಇಷ್ಟೇ: ಇದನ್ನು ಮರುಪರಿಶೀಲಿಸುವ ದಿನಾಂಕ ಯಾವುದು, ಆ ದಿನ ಯಾವ ಅಂಕಿಯನ್ನು ನೋಡುತ್ತೇವೆ? ಈ ಎರಡು ಪ್ರಶ್ನೆಗೆ ಮೊದಲೇ ಉತ್ತರ ಬರೆದಿಟ್ಟರೆ ಮುಂದೆ ಮುಖ ಉಳಿಸಿಕೊಳ್ಳುವ ಪ್ರಶ್ನೆಯೇ ಯಾರಿಗೂ ಬರುವುದಿಲ್ಲ.

ಎಲ್ಲ ಹೇಳಿಯಾದ ಮೇಲೂ ಮೇಲಿನವರು ಬೇಡ ಎಂದರೆ? ಒಪ್ಪದಿದ್ದರೂ ಮನಸಾರೆ ಕೈಜೋಡಿಸುವ ಪದ್ಧತಿಯ ಬಗ್ಗೆ ಬೆಜೋಸ್ 2016ನೇ ಸಾಲಿನ ಪತ್ರದಲ್ಲಿ ಬರೆದಿದ್ದಾರೆ. ಅಲ್ಲಿ ಅವರು ಕೊಟ್ಟ ಉದಾಹರಣೆ ಕುತೂಹಲಕರ: ಅಮೆಜಾನ್ ಸ್ಟುಡಿಯೋಸ್‌ನ ಕಾರ್ಯಕ್ರಮವೊಂದರ ಬಗ್ಗೆ ಅವರಿಗೇ ಅನುಮಾನವಿತ್ತು, ಟೀಮ್‌ಗೆ ನಂಬಿಕೆಯಿತ್ತು, ತಮ್ಮ ಅನುಮಾನ ತಿಳಿಸಿ, ಅದು ಗೆಲ್ಲಲಿ ಎಂದು ಹಾರೈಸಿ ಒಪ್ಪಿಗೆ ಕೊಟ್ಟರು. ಅಂದರೆ ಈ ನಿಯಮ ಕೆಳಗಿನವರ ಬಾಯಿ ಮುಚ್ಚಿಸಲು ಹುಟ್ಟಿದ್ದಲ್ಲ, ಮೇಲಿನವರಿಗೂ ಅದು ಅನ್ವಯಿಸುತ್ತದೆ. ತೀರ್ಮಾನವಾದ ಮೇಲೆ ಅರೆಮನಸ್ಸಿನಿಂದ ದುಡಿದರೆ ಇನ್ನೊಂದು ದೊಡ್ಡ ನಷ್ಟವಿದೆ. ಯೋಜನೆ ಸೋತಾಗ ಅದು ಕೆಟ್ಟ ಯೋಜನೆಯಾದ್ದರಿಂದ ಸೋತಿತೋ, ಮನಸ್ಸಿಟ್ಟು ಮಾಡದ್ದರಿಂದ ಸೋತಿತೋ ಎಂದು ಯಾರಿಗೂ ತಿಳಿಯುವುದಿಲ್ಲ. ಮುನ್ನಂದಾಜು ನಿಜವೋ ಸುಳ್ಳೋ ಎಂದು ಗೊತ್ತಾಗಬೇಕಾದರೆ ಅದನ್ನು ಪೂರ್ಣ ಶಕ್ತಿಯಿಂದ ಜಾರಿಗೆ ತರಲೇಬೇಕು. ಆಕ್ಷೇಪ ಎತ್ತಿದವನೇ ಹೆಚ್ಚು ಶ್ರದ್ಧೆಯಿಂದ ದುಡಿದರೆ ಮುಂದಿನ ಸಲ ಅವನ ಆಕ್ಷೇಪಕ್ಕೆ ಕಿವಿ ಸಿಗುತ್ತದೆ.

ಈ ನಿಯಮಕ್ಕೆ ಸ್ಪಷ್ಟವಾದ ಗಡಿಯೊಂದಿದೆ: ಜನರ ಪ್ರಾಣ. 1986ರ ಜನವರಿ 27ರ ರಾತ್ರಿ, ಚಾಲೆಂಜರ್ ಬಾಹ್ಯಾಕಾಶ ನೌಕೆಯ ಉಡಾವಣೆಗೆ ಮುನ್ನ, ಅದರ ಬೂಸ್ಟರ್ ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕೋಲ್ ಕಂಪನಿಯ ಎಂಜಿನಿಯರುಗಳು ನಾಸಾ ಜೊತೆ ಫೋನಿನಲ್ಲಿ ವಾದಿಸಿದರು. ಕೊರೆಯುವ ಚಳಿಯಲ್ಲಿ ರಾಕೆಟ್‌ನ ಜೋಡಣೆಗಳನ್ನು ಮುಚ್ಚುವ ರಬ್ಬರ್ ಬಳೆಗಳು ಸರಿಯಾಗಿ ಕೂರದೆ ಬಿಸಿ ಅನಿಲ ಸೋರೀತು ಎಂದು ರೋಜರ್ ಬೋಯ್‌ಜೋಲಿ ಮತ್ತಿತರರು ಎಚ್ಚರಿಸಿದರು. ಉಡಾವಣೆ ಬೇಡ ಎಂದು ಮೊದಲು ಹೇಳಿದ್ದ ಕಂಪನಿಯ ಆಡಳಿತ, ಒತ್ತಡಕ್ಕೆ ಸಿಕ್ಕಿ ಮಾತು ಬದಲಿಸಿತು. ಮರುದಿನ ಮೇಲೇರಿದ 73 ಸೆಕೆಂಡುಗಳಲ್ಲಿ ನೌಕೆ ಒಡೆದು, ಅದರಲ್ಲಿದ್ದ ಏಳೂ ಜನ ತೀರಿಕೊಂಡರು. ಅಪಾಯವಿದೆ ಎಂದು ಸಾಬೀತುಪಡಿಸುವ ಭಾರವನ್ನು ಅಂದು ಎಂಜಿನಿಯರುಗಳ ಮೇಲೆ ಹೊರಿಸಲಾಯಿತು. ಸುರಕ್ಷತೆಯ ವಿಷಯದಲ್ಲಿ ಆ ಭಾರ ಇರಬೇಕಾದ್ದು ಮುಂದುವರಿಯೋಣ ಎನ್ನುವವರ ಮೇಲೆ. ಉತ್ಪನ್ನದಿಂದ ಜೀವಕ್ಕೆ ಅಪಾಯ, ಗ್ರಾಹಕರ ಗುಟ್ಟಿನ ಮಾಹಿತಿ ಸೋರಿಕೆ, ಕಾನೂನಿನ ಉಲ್ಲಂಘನೆ ಇವು ಆದ್ಯತೆಯ ಚರ್ಚೆಗಳಲ್ಲ. ಇಲ್ಲಿ ಒಪ್ಪದೆಯೂ ಕೈಜೋಡಿಸುವುದು ಕರ್ತವ್ಯವೂ ಅಲ್ಲ, ಗುಣವೂ ಅಲ್ಲ; ಲಿಖಿತವಾಗಿ ಆಕ್ಷೇಪಿಸಿ, ಇನ್ನೂ ಮೇಲಿನವರಿಗೆ ಮುಟ್ಟಿಸಲೇಬೇಕು.

ಹಿರಿಯರಿಗೆ ಎದುರಾಡಬಾರದು ಎಂದು ಕಲಿತು ಬೆಳೆದ ನಮ್ಮಲ್ಲಿ ಇದೆಲ್ಲ ನಡೆಯುವ ಮಾತೇ ಎಂದು ಕೇಳುವವರಿದ್ದಾರೆ. ಭಯ ನಮ್ಮ ನಾಡಿಗಷ್ಟೇ ಸೀಮಿತವಲ್ಲ. ಫಿನ್ಲೆಂಡಿನ ನೋಕಿಯಾ ಸ್ಮಾರ್ಟ್‌ಫೋನ್ ಪೈಪೋಟಿಯಲ್ಲಿ ಸೋತದ್ದೇಕೆಂದು ತಿಮೊ ವುಓರಿ ಮತ್ತು ಕ್ವೀ ಹೂಯ್ ಎಂಬ ಸಂಶೋಧಕರು ಅಲ್ಲಿನ ಮ್ಯಾನೇಜರುಗಳು, ಎಂಜಿನಿಯರುಗಳನ್ನು ಸಂದರ್ಶಿಸಿ 2016ರಲ್ಲಿ ಅಧ್ಯಯನ ಪ್ರಕಟಿಸಿದರು. ತಮ್ಮ ಸಿಂಬಿಯನ್ ತಂತ್ರಾಂಶ ಐಫೋನಿಗೆ ಸರಿಸಾಟಿಯಲ್ಲ ಎಂಬುದು ಕೆಳಗಿನವರಿಗೆ ಗೊತ್ತಿತ್ತು. ಮೇಲಿನವರ ಸಿಟ್ಟಿಗೆ ಹೆದರಿ ಕಹಿ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸಲಿಲ್ಲ. ಮೇಲಿನವರು ಆಗದ ಗಡುವುಗಳನ್ನು ನಂಬಿ ಕೂತರು. 2013ರಲ್ಲಿ ನೋಕಿಯಾ ತನ್ನ ಫೋನ್ ವಹಿವಾಟನ್ನು ಮೈಕ್ರೋಸಾಫ್ಟ್‌ಗೆ ಮಾರಲು ಒಪ್ಪಿತು. ಗೌರವ ಮತ್ತು ಮೌನ ಒಂದೇ ಎಂದು ತಿಳಿದರೆ ಆಗುವ ಅನಾಹುತ ಇದು. ನಿಜವನ್ನು ಮರೆಮಾಚಿ ತೋರಿಸುವ ವಿನಯದಿಂದ ಹಿರಿಯರಿಗೆ ಒಳಿತಾಗದು. ನಾಲ್ಕು ಜನರೆದುರು ಖಂಡಿಸುವ ಬದಲು ಸಭೆಗೆ ಮೊದಲೇ ಒಬ್ಬರೇ ಹೋಗಿ, ‘ಸರ್, ಈ ಕೆಲಸ ಮೊದಲಾಗಬೇಕು ಅನ್ನೋದಕ್ಕೆ ನಿಮಗೆ ಕಾಣ್ತಿರೋ ಕಾರಣ ನನಗೂ ತಿಳಿಸಿ, ನನಗೆ ಕಾಣ್ತಿರೋದನ್ನೂ ಹೇಳ್ತೀನಿ’ ಎಂದರೆ ಅದರಲ್ಲಿ ಎದುರುತ್ತರದ ದನಿ ಇರುವುದಿಲ್ಲ.

ಕೆಳಗಿನವರ ಜಾಣ್ಮೆಯೊಂದೇ ಸಾಲದು ಎಂಬುದನ್ನು ಅಮೆಜಾನ್‌ನ ಇನ್ನೊಂದು ಪ್ರಸಂಗ ತೋರಿಸುತ್ತದೆ. ಕಂಪನಿಯ ಆರಂಭದ ವರ್ಷಗಳಲ್ಲಿ ಗ್ರೆಗ್ ಲಿಂಡೆನ್ ಎಂಬ ಎಂಜಿನಿಯರ್, ಗ್ರಾಹಕರು ಕೊಳ್ಳಲು ಆರಿಸಿದ ವಸ್ತುಗಳನ್ನು ನೋಡಿ ಅವುಗಳಿಗೆ ಹೊಂದುವ ಇತರ ವಸ್ತುಗಳನ್ನು ಸೂಚಿಸುವ ಸೌಲಭ್ಯ ರೂಪಿಸಿದರು. ಹಣ ಕೊಡಲು ಹೊರಟವರ ಗಮನ ಚದುರುತ್ತದೆ ಎಂದು ಮಾರ್ಕೆಟಿಂಗ್‌ನ ಹಿರಿಯ ಅಧಿಕಾರಿ ಅದನ್ನು ಮುಂದುವರಿಸದಂತೆ ತಡೆದರು. ಲಿಂಡೆನ್ ಆದರೂ ಪರೀಕ್ಷೆಗೆ ಇಳಿದರು. ಸೌಲಭ್ಯ ಭಾರಿ ಅಂತರದಿಂದ ಗೆದ್ದು ಜಾರಿಗೆ ಬಂತು. ಆಜ್ಞೆ ಮೀರುವುದೇ ಧೈರ್ಯ ಎಂಬ ಪಾಠ ಇದರಿಂದ ಕಲಿಯಬಾರದು. ಆಜ್ಞೆ ಮೀರಿ ಸೋತವರ ಕಥೆಗಳು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಲಿಂಡೆನ್ ಅವರೇ ಬರೆದಂತೆ, ಅಲ್ಲಿ ಎಷ್ಟೇ ದೊಡ್ಡ ಅಧಿಕಾರಿಗೂ ಪರೀಕ್ಷೆಯನ್ನು ತಡೆಯುವುದು ಕಷ್ಟವಿತ್ತು. ಕಂಪನಿಯ ರೂಢಿಯೇ ಅಳತೆಯ ಪರವಾಗಿತ್ತು. ಅಂಥ ರೂಢಿ ಬೆಳೆಸುವ ಹೊಣೆ ಮೇಲಿನವರದು. ಟೀಮ್‌ನ ಸಮಯದಲ್ಲಿ ಸ್ವಲ್ಪ ಪಾಲನ್ನು ಸಣ್ಣ ಪರೀಕ್ಷೆಗಳಿಗೆ ಮೀಸಲಿಡುವುದು, ಬೇಡ ಎಂದಾಗ ಕಾರಣವನ್ನು ಬರೆದು ತಿಳಿಸುವುದು, ಕಹಿ ಸುದ್ದಿ ತಂದವರನ್ನು ಗದರದಿರುವುದು ಅವರ ಕೆಲಸದ ಭಾಗವೇ ಹೊರತು ಔದಾರ್ಯವಲ್ಲ.

ಪುರಾವೆ ಕೊಟ್ಟರೂ ಕಾರಣ ಹೇಳದ, ಮರುಪರಿಶೀಲನೆಗೆ ಒಪ್ಪದ, ಪ್ರಶ್ನೆ ಕೇಳಿದವರನ್ನು ಮೂಲೆಗೆ ತಳ್ಳುವ ಜಾಗಗಳೂ ಇವೆ. ಒಂದೆರಡು ಸಲ ಹಾಗಾದರೆ ಅದನ್ನು ಲೋಕಾರೂಢಿ ಎಂದುಕೊಳ್ಳಬಹುದು. ಪ್ರತಿ ಸಲವೂ ಹಾಗೇ ಆದರೆ ಬೇರೆ ಟೀಮ್, ಬೇರೆ ಕಂಪನಿ ನೋಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಆ ತೀರ್ಮಾನಕ್ಕೆ ಬರುವ ಮುನ್ನ ತನ್ನ ಪಾಲಿನ ಕೆಲಸ ಮುಗಿದಿದೆಯೇ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು: ಎದುರಿನವರ ಕಾರಣ ತಿಳಿದುಕೊಂಡೆನೇ, ಅಳತೆಗೋಲಿಗೆ ಒಪ್ಪಿಗೆ ಪಡೆದೆನೇ, ನನ್ನ ಮುನ್ನಂದಾಜನ್ನು ಬರೆದುಕೊಟ್ಟೆನೇ, ಕಡಿಮೆ ಖರ್ಚಿನ ಪರೀಕ್ಷೆ ಸೂಚಿಸಿದೆನೇ, ತೀರ್ಮಾನವಾದ ಮೇಲೆ ಮನಸಾರೆ ದುಡಿದೆನೇ? ಹುದ್ದೆ ತೀರ್ಮಾನ ಮಾಡುವ ಅಧಿಕಾರವನ್ನು ಕೊಡುತ್ತದೆ, ತೀರ್ಮಾನ ಸರಿಯಾಗುವ ಭರವಸೆಯನ್ನು ಕೊಡುವುದಿಲ್ಲ. ಆ ಭರವಸೆ ಬರುವುದು ಗ್ರಾಹಕನ ಕೈಯಲ್ಲಿ ಉತ್ಪನ್ನ ಹೇಗೆ ನಡೆದುಕೊಂಡಿತು ಎಂಬುದನ್ನು ಇಬ್ಬರೂ ಒಟ್ಟಿಗೆ ಕೂತು ನೋಡಿದಾಗ ಮಾತ್ರ. ಮುಂದಿನ ಸಲ ರೋಡ್‌ಮ್ಯಾಪ್ ಸಭೆಯಲ್ಲಿ ಮನಸ್ಸು ಕುದಿಯತೊಡಗಿದರೆ, ವಾದವನ್ನು ಅಲ್ಲಿಗೇ ನಿಲ್ಲಿಸಿ ಒಂದು ಪ್ರಶ್ನೆ ಕೇಳಿ: ‘ನಮ್ಮಿಬ್ಬರಲ್ಲಿ ಯಾರ ಅಂದಾಜು ಸರಿ ಎಂದು ತಿಳಿಯಲು ಎಲ್ಲಕ್ಕಿಂತ ಸುಲಭದ ದಾರಿ ಯಾವುದು?’